ಕಿಡಿಗಳ ಬಳೆ

ಪರದೆಯ ಕೆಳಮೂಲೆಯಲ್ಲಿ ಒಂದು ಹಸಿರು ಆಮೆ ಕೂತಿತ್ತು. ಕುನಾಲನಿಗೆ ಅದು ಕಂಡದ್ದು ಬಹಳ ಹೊತ್ತಿನ ಮೇಲೆ. ಮೂಲೆಗಳು ಈಗೀಗ ತಾವಾಗಿ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ; ಅವನೇ ಹುಡುಕಿಕೊಂಡು ಹೋಗಬೇಕಿತ್ತು. ಕಮಲಾಪುರದ ಆ ಖಾಸಗಿ ಐಟಿಐನ ಕಂಪ್ಯೂಟರ್ ಲ್ಯಾಬಿಗೆ ವಿದ್ಯಾರ್ಥಿಗಳು ಇನ್ನೂ ಬಂದಿರಲಿಲ್ಲ. ಕಿಟಕಿಯಾಚೆ ಹುಮನಾಬಾದ್ ರಸ್ತೆಯ ಲಾರಿಗಳ ಸದ್ದು, ಕೆಂಪು ಬಾಳೆಹಣ್ಣು ಮಾರುವವರ ಕೂಗು. ಲ್ಯಾಬಿನ ಯಂತ್ರಗಳೆಲ್ಲ ವಿಂಡೋಸಿನವು. ಪಾಠದಲ್ಲಿ ಲಿನಕ್ಸ್ ಇದ್ದುದರಿಂದ ಅದನ್ನು ವಿಂಡೋಸಿನ ಹೊಟ್ಟೆಯೊಳಗೆ ಒಂದು ವರ್ಚುವಲ್ ಮಷೀನಿನಲ್ಲಿ, ಅಂದರೆ ಇಲ್ಲದ ಇನ್ನೊಂದು ಕಂಪ್ಯೂಟರನ್ನು ಇದೆಯೆಂದು ನಂಬಿಸಿ, ಅದರಲ್ಲಿ ಓಡಿಸಿ ಕಲಿಸುತ್ತಿದ್ದ. ಒಳಗಿನ ಆ ಯಂತ್ರಕ್ಕೆ ಸ್ವಂತದ್ದು ಅನ್ನುವುದು ಏನೂ ಇಲ್ಲ. ಹೊರಗಿನ ಗ್ರಾಫಿಕ್ಸ್ ಕಾರ್ಡು ಎಷ್ಟು ಬಲ ಬಿಟ್ಟುಕೊಡುತ್ತದೋ ಅಷ್ಟು. ಆಮೆ ಕಂಡಿತೆಂದರೆ ವಿಂಡೋಸು ನಡುವೆ ಬಂದು ನಿಂತಿದೆ, ಒಳಗಿನದು ತೆವಳಿಕೊಂಡೇ ನಡೆಯಬೇಕು ಎಂದು ಅರ್ಥ. ನಿನ್ನೆಯವರೆಗೆ ಆ ಆಮೆ ಇರಲಿಲ್ಲ. ನಿನ್ನೆ ಸಂಜೆ ಅವನು ಬಸ್ಸಿಗೆ ಹೋದಮೇಲೆ ಕಲಬುರಗಿಯಿಂದ ಏಜೆನ್ಸಿಯವರು ಬಂದು ಎಲ್ಲ ಯಂತ್ರಗಳಿಗೂ ಅಪ್‌ಡೇಟ್ ಹಾಕಿ ಹೋಗಿದ್ದರು. ಇವತ್ತು ಮಧ್ಯಾಹ್ನ ಹೊಸ ಲ್ಯಾಬ್ ಕಟ್ಟಿಸಿಕೊಡುವ ಕಂಪನಿಯೊಂದರ ಮಂದಿ ನೋಡಲು ಬರುವವರಿದ್ದರು.

ಅವನು ಮೌಸನ್ನು ಅಲುಗಿಸಿದ. ಬಾಣ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಾಣದ ಸುತ್ತ ಏಳಬೇಕಾದ ಕಿತ್ತಳೆ ಕಿಡಿಗಳ ಬಳೆ ಮಾತ್ರ, ಬಾಣ ಎಂದೋ ಬಿಟ್ಟುಹೋದ ಜಾಗದಲ್ಲಿ, ತಡವಾಗಿ ಒಮ್ಮೆ ಹೊತ್ತಿಕೊಂಡು ನಿಂತಿತು. ಹೋದ ಬೇಸಿಗೆಯಲ್ಲಿ ಆ ಬಳೆ ಮೊದಲು ಸಿಕ್ಕ ದಿನ ಅವನು ಖಾಲಿ ಲ್ಯಾಬಿನಲ್ಲಿ ಒಬ್ಬನೇ ಕೂತು ಮೌಸನ್ನು ಸುಮ್ಮನೆ ತಿರುಗಿಸಿದ್ದ, ಅತ್ತಿತ್ತ, ಮೇಲೆ ಕೆಳಗೆ, ಕಳೆದುಹೋಗಲಿ ನೋಡೋಣ ಎಂದು. ಕಳೆದುಹೋಗಿರಲಿಲ್ಲ. ಲಿನಕ್ಸಿನ ಡೆಸ್ಕ್‌ಟಾಪಿನಲ್ಲಿ ಅಂಥ ಎಫೆಕ್ಟುಗಳು ರಾಶಿ ಇದ್ದವು. ಎಳೆದರೆ ವಿಂಡೋಗಳು ನೀರೊಳಗಿನ ಬಟ್ಟೆಯಂತೆ ಬಳುಕುತ್ತಿದ್ದವು. ನಾಲ್ಕು ಪರದೆಗಳು ಒಂದು ಡಬ್ಬಿಯ ನಾಲ್ಕು ಮಗ್ಗುಲಾಗಿ ಗಿರ್ರನೆ ತಿರುಗುತ್ತಿದ್ದವು. ಅವನಿಗೆ ಬೇಕಾಗಿದ್ದದ್ದು ಎರಡೇ: ಬಾಣದ ಸುತ್ತಲಿನ ಆ ಕಿಡಿ, ಮತ್ತು ಕೆಲಸ ಮಾಡುತ್ತಿರುವ ವಿಂಡೋ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಬ್ಬಾಗಿಸುವ ಇನ್ನೊಂದು. ಆದರೆ ಅವೆರಡನ್ನೇ ಹಾಕಿಕೊಂಡರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಎಲ್ಲವನ್ನೂ ಹಾಕಿಕೊಂಡರೆ ಷೋಕಿ ಅನ್ನುತ್ತಾರೆ. ಎಲ್ಲವನ್ನೂ ಹಾಕಿಕೊಂಡ. ಆ ತಿರುಗುವ ಡಬ್ಬಿಯಿಂದಾಗಿ ವಿದ್ಯಾರ್ಥಿಗಳು ಅವನನ್ನು ಕ್ಯೂಬ್ ಸರ್ ಎಂದು ಕರೆಯತೊಡಗಿದರು. ನಲವತ್ತರ ಹತ್ತಿರ ಬಂದ ಗಂಡಸು ಕಂಪ್ಯೂಟರಿನಲ್ಲಿ ಬೆಂಕಿ ಹಾರಿಸಿಕೊಂಡು ಕೂರುತ್ತಾನೆ ಎಂದು ಪ್ರಿನ್ಸಿಪಾಲ್ ಗುರುಪ್ರಸಾದ ಅವರೂ ನಕ್ಕಿದ್ದರು. ನಗಲಿ ಅನ್ನಿಸಿತ್ತು ಅವನಿಗೆ. ವಿಂಡೋಸಿನಲ್ಲೂ ಬಾಣವನ್ನು ದೊಡ್ಡದು ಮಾಡುವ ಸೌಲಭ್ಯವಿತ್ತು. ಆದರೆ ಅದು ಇದ್ದ ಪುಟವನ್ನು ತೆರೆಯಲು ಒತ್ತಬೇಕಾದದ್ದು ಕೈ ಚಾಚಿ ನಿಂತ ಮನುಷ್ಯನ ಆ ಚಿತ್ರವನ್ನು. ರೈಲಿನ ಅಂಗವಿಕಲರ ಬೋಗಿಯ ಮೇಲೆ, ಬಸ್ಸಿನ ಮುಂದಿನ ಸೀಟಿನ ಮೇಲೆ ಇರುವಂಥ ಚಿತ್ರದ ದಾಯಾದಿ. ಎಷ್ಟೋ ಸಲ ಅವನ ಬೆರಳು ಅದರವರೆಗೆ ಹೋಗಿತ್ತು. ಒತ್ತಿರಲಿಲ್ಲ.

ಸೊಲ್ಲಾಪುರದ ಕಣ್ಣಿನ ಡಾಕ್ಟರು ಮರಾಠಿ ಬೆರೆತ ಕನ್ನಡದಲ್ಲಿ, ಅವಸರವಿಲ್ಲದೆ, ಎಲ್ಲವನ್ನೂ ಹೇಳಿದ್ದರು. ಮೊದಲು ಇರುಳಿನ ನೋಟ ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು. ಕೊಳವೆಯೊಳಗಿಂದ ನೋಡಿದ ಹಾಗೆ ಆಗುತ್ತದೆ, ಆ ಕೊಳವೆ ವರ್ಷವರ್ಷಕ್ಕೂ ಸಣ್ಣದಾಗುತ್ತದೆ. ಇದಕ್ಕೆ ಔಷಧವಿಲ್ಲ, ಯಾರಾದರೂ ಇದೆ ಎಂದರೆ ನಂಬಬೇಡಿ. ಟ್ರೇನಿಂಗ್ ಇದೆಯೆಂದು ಮನೆಯಲ್ಲಿ ಸುಳ್ಳು ಹೇಳಿ ಹೋಗಿದ್ದ ಕುನಾಲ, ಅದನ್ನೆಲ್ಲ ಟ್ರೇನಿಂಗಿನಲ್ಲಿ ಕೂತವನಂತೆಯೇ ತಲೆಯಾಡಿಸುತ್ತ ಕೇಳಿದ್ದ. ಏಳುವಾಗ ಡಾಕ್ಟರು, ಮಕ್ಕಳಿದ್ದಾರೇನು ಎಂದು ಕೇಳಿದರು. ಒಬ್ಬಳು ಮಗಳು ಎಂದ. ಅವಳನ್ನೂ ಒಮ್ಮೆ ಕರಕೊಂಡು ಬನ್ನಿ, ಇದು ರಕ್ತದಲ್ಲಿ ಬರುವಂಥದ್ದು ಎಂದರು. ಅಲ್ಲಿಯವರೆಗೆ ಹೆಂಡತಿಗೆ ಹೇಳಬೇಕೆಂದೇ ಇದ್ದ. ಆ ಮಾತು ಕೇಳಿದ ಮೇಲೆ ಹೇಳುವುದೆಂದರೆ ಮಗಳು ಆಮ್ರಪಾಲಿಯ ಕೈಹಿಡಿದು ಕಣ್ಣು ಪರೀಕ್ಷಿಸುವ ಆ ಕತ್ತಲೆ ಕೋಣೆಯೊಳಗೆ ಕೂರಿಸುವುದೇ ಆಯಿತು. ಅಂದಿನಿಂದ ಸಂಜೆ ಮಬ್ಬಾಗುವ ಹೊತ್ತಿಗೆ ತಾಜಸುಲ್ತಾನಪುರದ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ಓಣಿಯಲ್ಲಿ ಆಡುವ ಮಗಳು ಎಡವುತ್ತಾಳೋ ಎಂದು ಕಾಯುತ್ತಿದ್ದ. ತನಗೇ ಏನೂ ಕಾಣದ ಆ ಹೊತ್ತಿನಲ್ಲಿ ಕಿವಿಯಿಂದ ಕಾಯುತ್ತಿದ್ದ. ಅವಳ ಚಪ್ಪಲಿಯ ಸದ್ದು ಒಂದು ಕ್ಷಣ ನಿಂತರೂ ಕಟ್ಟೆಯಿಂದ ಅರ್ಧ ಎದ್ದುಬಿಡುತ್ತಿದ್ದ. ಎಲ್ಲ ಮಕ್ಕಳೂ ಎಡವುತ್ತಾರೆ. ಹಾಗಾದರೆ ಎಷ್ಟು ಎಡವಿದರೆ?

ಅವನು ಏಜೆನ್ಸಿಯ ಲಾಲ್ ಅಹ್ಮದನಿಗೆ ಫೋನ್ ಮಾಡಿದ. ಸ್ಟೇಶನ್ ಬಜಾರದ ಗದ್ದಲದ ನಡುವೆ ಆ ಕಡೆಯ ದನಿ ಕೂಗಿಕೊಂಡೇ ಮಾತಾಡಿತು.

"ಭಾಯ್, ನೀವು ಅಪ್‌ಡೇಟ್ ಹಾಕಿ ಹೋದ ಮ್ಯಾಲ ನನ್ನ ಲಿನಕ್ಸ್ ಸರಿ ನಡೀವಲ್ದು. ವಿಂಡೋಸ್‌ದಾಗ ಒಂದು ಸೆಟ್ಟಿಂಗ್ ತೆಗೀಬೇಕು. ಅಡ್ಮಿನ್ ಪಾಸ್‌ವರ್ಡ್ ಹೇಳಿದ್ರ ನಾನೇ ತೆಗೀತೀನಿ."

"ಪಾಸ್‌ವರ್ಡ್ ನನ್ನ ಕೈಯಾಗ ಎಲ್ಲದ ಸಾಬ್! ಮಾಲಕರ ಹತ್ರ ಅದ, ಅವ್ರು ಹೈದರಾಬಾದಕ್ಕ ಹೋಗ್ಯಾರ. ಲಿನಕ್ಸ್ ಚಾಲೂನೇ ಆಗಲ್ದೇನು?"

"ಚಾಲೂ ಆಗ್ತದ. ಎಫೆಕ್ಟ್ ಬರವಲ್ವು. ಎಲ್ಲಾ ತಡಾ ಆಗ್ಲಾಕತ್ತದ."

"ಎಫೆಕ್ಟ್?" ಲಾಲ್ ಅಹ್ಮದ್ ನಕ್ಕ. "ಅರೆ ಸಾಬ್, ಚಮಕ್ ಇಲ್ಲಂದ್ರ ಏನಾಯ್ತ್ರಿ, ಕೆಲಸ ನಡೀತದಲ್ಲ? ಆರಾಮ ನಾಳಿಗಿ ನೋಡೂಣು."

"ಹೌದ್ರಿ, ಚಮಕ್," ಎಂದು ಕುನಾಲನೂ ನಕ್ಕ. ಫೋನ್ ಇಟ್ಟ ಮೇಲೂ ಆ ನಗೆ ಮುಖದ ಮೇಲೆ ಉಳಿದುಕೊಂಡಿತ್ತು. ಅದನ್ನು ತೆಗೆಯಬೇಕೆಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾಳೆ ಎಂದರೆ ಕಂಪನಿಯವರೆಲ್ಲ ಬಂದುಹೋದ ಮೇಲೆ. ಅವನು ಮತ್ತೆ ಕೂತ. ಒಳಗಿನ ಯಂತ್ರವನ್ನು ಆರಿಸಿ ಅದಕ್ಕೆ ಹೆಚ್ಚು ಮೆಮೊರಿ ಕೊಟ್ಟ. ಆರಿಸಿ ಕಡಿಮೆ ಮಾಡಿದ. ತ್ರೀಡಿ ಆಕ್ಸೆಲರೇಷನ್ ಎಂಬಲ್ಲಿನ ಗುರುತು ತೆಗೆದ, ಮತ್ತೆ ಹಾಕಿದ. ಪ್ರತಿ ಸಲವೂ ಲಿನಕ್ಸು ಏದುಸಿರು ಬಿಡುತ್ತ ಎದ್ದು ಬಂದು, ಕಾರ್ಡಿನ ಬಲವಿಲ್ಲದೆ ಪ್ರತಿಯೊಂದು ಚುಕ್ಕೆಯನ್ನೂ ತಾನೇ ಕೂತು ಬರೆಯಲು ಹೆಣಗುತ್ತಿತ್ತು. ಬಾಣ ಮುಂದೆ, ಕಿಡಿ ಹಿಂದೆ. ಅವನು ಕಿಡಿಯಿದ್ದಲ್ಲಿಗೆ ಕಣ್ಣು ತಂದರೆ ಬಾಣ ಅಲ್ಲಿಲ್ಲ. ಪರದೆಯೇ ಮಸುಕಾಗಿದೆಯೇನೋ ಎನ್ನಿಸಿತು. ಬೀರುವಿನಲ್ಲಿದ್ದ ಸ್ಪಿರಿಟ್ ಬಾಟಲಿ ತೆಗೆದು ಕರವಸ್ತ್ರಕ್ಕೆ ಸುರಿದುಕೊಂಡು ಪರದೆ ಒರೆಸಿದ. ಕನ್ನಡಕ ಒರೆಸಿದ. ಬಾಟಲಿಯ ಬಾಯಿ ಕಾಣದೆ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಮತ್ತೆ ಪರದೆ ಒರೆಸಿದ. ಮಸುಕು ಪರದೆಯದಲ್ಲ ಎಂದು ಗೊತ್ತಿದ್ದೂ ಒರೆಸಿದ. ನೆನೆದ ಕರವಸ್ತ್ರವನ್ನು ಅಂಗಿಯ ಜೇಬಿಗೆ ತುರುಕಿಕೊಂಡ.

ಮಧ್ಯಾಹ್ನ ಕಂಪನಿಯವರು ಬಂದರು. ಒಬ್ಬ ಎತ್ತರದ ಗಂಡಸು, ಒಬ್ಬ ಹೆಂಗಸು. ಗುರುಪ್ರಸಾದ ಅವರು ಹೊಸ ಅಂಗಿ ಹಾಕಿದ್ದರು. ಬೆಂಚುಗಳ ಮೇಲೆ ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ಕೂತಿದ್ದರು, ಕಿಟಕಿಗಳಿಗೆ ಪರದೆ ಎಳೆದು ಲ್ಯಾಬನ್ನು ಕತ್ತಲು ಮಾಡಿದ್ದರು. ಅದನ್ನು ಕುನಾಲ ಎಣಿಸಿರಲಿಲ್ಲ. ಪ್ರೊಜೆಕ್ಟರಿನ ಬೆಳಕು ಗೋಡೆಯ ಮೇಲೆ ಬಿದ್ದ ಕೂಡಲೇ ಉಳಿದ ಕೋಣೆಯೆಲ್ಲ ಅವನ ಪಾಲಿಗೆ ಅಳಿಸಿಹೋಯಿತು. "ಇವ್ರು ನಮ್ಮ ಕ್ಯೂಬ್ ಸರ್," ಎಂದು ಗುರುಪ್ರಸಾದರ ದನಿ ಎಲ್ಲಿಂದಲೋ ಹೇಳಿತು. "ತೋರಸ್ರಿ ಕುನಾಲ ಅವ್ರೇ, ಅದೇ ತಿರಗೋದು." ಅವನು ಕೀಲಿಗಳನ್ನು ಒತ್ತಿದ. ನಾಲ್ಕು ಮಗ್ಗುಲಿನ ಡಬ್ಬಿ ಅರ್ಧ ತಿರುಗಿ, ಒಂದು ಮಗ್ಗುಲು ಹರಿದು ಇನ್ನೊಂದರ ಮೇಲೆ ಜೋತುಬಿದ್ದು, ಹಾಗೆಯೇ ನಿಂತುಬಿಟ್ಟಿತು. ಯಾರೋ ಹಿಂದಿನಿಂದ, ಹ್ಯಾಂಗ್ ಆಯ್ತು ಅಂದರು. ಬಹಳ ಹೊತ್ತಿನ ಮೇಲೆ ಅದು ಒಂದೊಂದೇ ಜಗ್ಗಿನಲ್ಲಿ ಮುಂದೆ ಸರಿಯಿತು. ಆ ಹೆಂಗಸು ಬೇಸರವಿಲ್ಲದ ದನಿಯಲ್ಲಿ, "ಪರವಾಗಿಲ್ಲ ಸರ್, ಎಫೆಕ್ಟ್ ಎಲ್ಲ ಬೇಡ. ಮಕ್ಕಳು ಮಾಡಿರೋ ಪ್ರಾಜೆಕ್ಟ್ ಇದೆಯಲ್ಲ, ಆ ಫೋಲ್ಡರ್ ತೆಗೀರಿ ಸಾಕು," ಎಂದರು.

ಅಷ್ಟೇ ಅವರು ಕೇಳಿದ್ದು. ಬಾಣವನ್ನು ಒಂದು ಫೋಲ್ಡರಿನ ಮೇಲೆ ಒಯ್ದು ಎರಡು ಸಲ ಒತ್ತುವುದು. ಕುನಾಲ ಮೌಸ್ ಅಲುಗಿಸಿದ. ಗೋಡೆಯ ಮೇಲೆ ತನಗೆ ಕಾಣುವ ತಟ್ಟೆಯಗಲದ ಜಾಗವನ್ನು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಒಯ್ದು ಹುಡುಕಿದ. ಕಿಡಿ ಒಮ್ಮೆ ಎಡಗಡೆ ಹೊತ್ತಿಕೊಂಡಿತು, ಅಲ್ಲಿಗೆ ಹೋದ. ಅಷ್ಟರಲ್ಲಿ ಇನ್ನೊಂದು, ಮೇಲೆ. ಮುಂದಿನ ಬೆಂಚಿನಲ್ಲಿ ಕೂತಿದ್ದ ಆಯೇಶಾ ಎಂಬ ವಿದ್ಯಾರ್ಥಿನಿ ಮೆಲ್ಲಗೆ, "ಸರ್, ಬಲಕ್ಕ," ಎಂದಳು. "ಇನ್ನಾ ಬಲಕ್ಕ ಸರ್... ದಾಟಿ ಹೋಯ್ತು... ಕೆಳಗ." ಇದು ಸರ್ ಕಟ್ಟಿದ ಆಟವೆಂದುಕೊಂಡ ಉಳಿದವರೂ ಕೂಗತೊಡಗಿದರು. ಮ್ಯಾಲ ಸರ್, ಕೆಳಗ ಸರ್, ಎಡಕ್ಕ ಸರ್. ನಗೆ ಎದ್ದಿತು. ಅವನಿಗೆ ಏನನ್ನಿಸಿತೋ, ಎದ್ದು ಗೋಡೆಯ ಹತ್ತಿರಕ್ಕೇ ಹೋಗಿ ನೋಡಿಬಿಡುತ್ತೇನೆ ಎಂದು ನಡೆದ. ದಿಕ್ಕು ತಪ್ಪಿ ತಿರುಗಿದ್ದಿರಬೇಕು, ಪ್ರೊಜೆಕ್ಟರಿನ ಬೆಳಕು ನೇರ ಮುಖಕ್ಕೆ ಹೊಡೆಯಿತು. ಬಿಳುಪಿನಲ್ಲಿ ಒಂದು ಹೆಜ್ಜೆ ಇಟ್ಟ, ಎರಡನೆಯದಕ್ಕೆ ಕಾಲ ಕೆಳಗೆ ಪಾಠ ಮಾಡುವ ಎತ್ತರದ ಕಟ್ಟೆ ಇರಲಿಲ್ಲ. ಬಿದ್ದದ್ದು ಅತಿಥಿಗಳ ಕಾಲ ಬಳಿ. ಕೈಗೆ ಒಂದು ಚಪ್ಪಲಿ ಸಿಕ್ಕಿತು, ಹೆಂಗಸಿನದು. ಅದನ್ನು ಹಿಡಿದುಕೊಂಡೇ ಏಳಲು ನೋಡಿದ. ನಗೆ ನಿಂತುಹೋಗಿತ್ತು. ಎತ್ತಲು ಬಗ್ಗಿದ ಆ ಎತ್ತರದ ಗಂಡಸು ಅವನ ಅಂಗಿಯ ಹತ್ತಿರ ಮೂಗು ಬಂದದ್ದೇ ತಡ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ತೋಳನ್ನು ಮಾತ್ರ ಹಿಡಿದೆತ್ತಿದ್ದು ಅವನಿಗೆ ತಿಳಿಯಿತು.

ಅವರು ಹೋದ ಮೇಲೆ ಗುರುಪ್ರಸಾದ ಅವರು ಅವನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಬಯ್ಯುತ್ತಾರೆಂದು ಅವನು ನಿಂತೇ ಇದ್ದ. "ಕೂಡ್ರಿ," ಎಂದರು ಮೆತ್ತಗೆ. ತಾವೂ ಕೂತರು. ಫ್ಯಾನು ತಿರುಗುತ್ತಿತ್ತು. ತನ್ನ ಅಂಗಿಯಿಂದ ಸ್ಪಿರಿಟಿನ ವಾಸನೆ ಮೇಜಿನ ಆಚೆಗೆ ಹೋಗುತ್ತಿರುವುದು ಕುನಾಲನಿಗೇ ಗೊತ್ತಾಗುತ್ತಿತ್ತು.

"ಭಾಳ ದಿನದಿಂದ ನೋಡ್ಲಾಕತ್ತೀನಿ ನಾ. ಬೆಂಚಿಗಿ ಬಡಕೋತೀರಿ. ವರಾಂಡದಾಗ ಮಂದಿ ನಮಸ್ಕಾರ ಅಂದ್ರ ನೋಡ್ದಂಗ ಹೋಗ್ತೀರಿ. ಗಾಡಿ ಬಿಟ್ಟು ಬಸ್ಸಿಗಿ ಬರ್ಲಾಕತ್ತೀರಿ. ಇವತ್ತಂತೂ ಹಗಲಿನ್ಯಾಗೇ..." ಗುರುಪ್ರಸಾದರು ತಡೆದರು. "ನಾ ಸಿಟ್ಟಾಗಿಲ್ಲ. ನಮ್ಮ ಕಾಕಾನೂ ಹಿಂಗೇ ಇದ್ರು. ಮತ್ತ ನಿಮ್ಮ ಕಡಿ ಮಂದ್ಯಾಗ ಇದು ಸ್ವಲ್ಪ ಜಾಸ್ತೀನೇ ಇರ್ತದ, ನಂಗ ತಿಳೀತದ. ಬಿಟ್‌ಬಿಡ್ರಿ ಕುನಾಲ ಅವ್ರೇ. ಚೊಲೋ ಮಾಸ್ತರ್ ಇದ್ದೀರಿ ನೀವು."

ಅವನಿಗೆ ಅಪ್ಪ ನೆನಪಾದ. ಅಪ್ಪ ಮಹಾದೇವಪ್ಪ, ಬಟ್ಟೆಯ ಮಿಲ್ಲಿನಲ್ಲಿ ನೂಲು ತೆಗೆಯುತ್ತಿದ್ದವನು. ಹರೆಯದಲ್ಲಿ ಬುದ್ಧನ ದೀಕ್ಷೆ ತಗೊಂಡು, ಅಂದಿನಿಂದ ಒಂದು ಹನಿ ಮುಟ್ಟದವನು. ನಿಮ್ಮ ಮಂದಿ ಕುಡೀತಾರ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಸಾಹುಕಾರನಿರಲಿ ಮುಕಾದಮನಿರಲಿ, ಎದುರಿಗೆ ಹೋಗಿ ನಿಂತು, ಬಾಯಿ ಅಗಲ ತೆರೆದು ಉಸಿರುಬಿಟ್ಟು, ಮೂಸಿ ನೋಡ್ರಿ ಅನ್ನುತ್ತಿದ್ದ. ಮಗನಿಗೆ ಅದನ್ನು ಕಂಡು ನಾಚಿಕೆಯಾಗುತ್ತಿತ್ತು. ಬೇರೆಯವರ ಮುಖದ ಹತ್ತಿರ ಬಾಯಿ ತೆರೆದು ನಿಂತ ಅಪ್ಪ, ಹಿಂದಕ್ಕೆ ಸರಿಯುವ ಅವರು. ಈಗ ಅವನಿಗೆ ಎದ್ದು ಮೇಜಿನಾಚೆ ಬಗ್ಗಿ ಹಾಗೆಯೇ ಬಾಯಿ ತೆರೆಯಬೇಕು ಅನ್ನಿಸಿತು. ಇದು ಸ್ಪಿರಿಟ್ ಸರ್, ಕರವಸ್ತ್ರ ನೋಡಿ ಎಂದರೆ ಮುಗಿಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಕಾದುಕೊಂಡು ನಿಂತಿರುವುದು ಅವನಿಗೆ ಕಾಣುತ್ತಿತ್ತು: ಹಾಗಾದರೆ ಬಿದ್ದದ್ದು ಯಾಕೆ? ಹಾಗಾದರೆ ಬೆಂಚಿಗೆ ಬಡಿದುಕೊಳ್ಳುವುದು ಯಾಕೆ? ಆಮೇಲೆ ಸೊಲ್ಲಾಪುರ, ಆಮೇಲೆ ಕೈ ಚಾಚಿ ನಿಂತ ಆ ಮನುಷ್ಯನ ಚಿತ್ರ, ಆಮೇಲೆ ಕತ್ತಲೆ ಕೋಣೆಯಲ್ಲಿ ಗದ್ದವನ್ನು ಯಂತ್ರದ ಮೇಲಿಟ್ಟು ಕೂತ ಆಮ್ರಪಾಲಿ. ಗುರುಪ್ರಸಾದರು ತೆರೆದುಕೊಟ್ಟಿದ್ದ ಬಾಗಿಲು ಎಷ್ಟು ಹತ್ತಿರವಿತ್ತೆಂದರೆ ಸುಮ್ಮನೆ ಒಂದು ಹೆಜ್ಜೆ ಇಟ್ಟರೆ ಒಳಗೆ.

"ಬಿಡ್ತೀನ್ರಿ ಸರ್," ಎಂದ.

ಗುರುಪ್ರಸಾದರ ಕಣ್ಣು ತೇವವಾಯಿತು. ಮೇಜು ಸುತ್ತಿ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. ಮನೆಗೆ ತಾವೇ ಫೋನ್ ಮಾಡಿ ಹೇಳುತ್ತೇವೆ, ಮನೆಯವರು ಸಿಟ್ಟಾಗದ ಹಾಗೆ ಹೇಳುತ್ತೇವೆ ಎಂದರು. ಬೇಡ ಎನ್ನುವಷ್ಟರಲ್ಲಿ ಫೋನು ಅವರ ಕಿವಿಯಲ್ಲಿತ್ತು. ಹೆಂಡತಿ ಪಂಚಶೀಲಾಳಿಗೆ ಅವರು ತಮ್ಮ ತಂಗಿಗೆ ಹೇಳುವಂತೆ ನಿಧಾನವಾಗಿ ಹೇಳುವುದನ್ನು ಅವನು ಕೈಕಟ್ಟಿಕೊಂಡು ಕೇಳಿದ.

ಎಲೆಕ್ಟ್ರಿಷಿಯನ್ ವಿಭಾಗದ ಜೀಶಾನ್ ಕಲಬುರಗಿಯಿಂದ ಬೈಕಿನಲ್ಲಿ ಬರುತ್ತಿದ್ದವನು. ಕರೆದೊಯ್ಯುವ ಕೆಲಸ ಅವನಿಗೆ ಬಿತ್ತು. ಊರು ದಾಟಿದ ಮೇಲೆ ಎರಡೂ ಕಡೆ ತೊಗರಿ ಹೊಲ, ಮಧ್ಯೆ ಬಿಸಿ ಇಳಿಯದ ರಸ್ತೆ. ಮಹಾಗಾಂವ ಕ್ರಾಸಿನ ಹತ್ತಿರ ಜೀಶಾನ್ ಬೈಕು ನಿಧಾನ ಮಾಡಿ, "ಒಂದು ಮಾತು ಕೇಳ್ತೀನಿ ಕುನಾಲ್ ಭಾಯ್, ಬೇಜಾರ್ ಮಾಡ್ಕೋಬ್ಯಾಡ್ರಿ," ಎಂದ. "ದಿನಾ ಬಾಜೂಕೇ ಕೂತು ಊಟ ಮಾಡ್ತೀವಿ. ನಂಗ ಒಂದು ದಿನಾನೂ ವಾಸ್ನಿ ಬಂದಿಲ್ಲ. ಹ್ಯಾಂಗ?"

"ಊಟ ಆದ ಮ್ಯಾಲ ತಗೋತಿದ್ದೆ," ಎಂದ ಕುನಾಲ. ಅಷ್ಟಕ್ಕೆ ನಿಲ್ಲಲಿಲ್ಲ. "ಬ್ಯಾಗಿನ್ಯಾಗ ಇಡ್ತಿದ್ದೆ. ನೀರಿನ ಬಾಟ್ಲಿದಾಗ ಹಾಕಿ. ಏಲಕ್ಕಿ ಬಾಯಾಗ ಇಟ್ಕೋತಿದ್ದೆ." ಇಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದು ಅವನಿಗೇ ಅಚ್ಚರಿ. ಕಳೆದ ಒಂದು ವರ್ಷದಿಂದ ಒಂದು ನಿಜದ ಮಾತಿಗೂ ಬಾಯಿ ಬರದವನು ಈಗ ಏಲಕ್ಕಿಯವರೆಗೆ ಹೋಗಿದ್ದ. ಜೀಶಾನ್ ತಲೆ ಅಲ್ಲಾಡಿಸಿದ. "ನಮಗ ಒಂದು ಮಾತು ಹೇಳ್ಬೇಕಿತ್ತು ಭಾಯ್." ಅವನ ಬೆನ್ನು ಹಿಡಿದು ಕೂತ ಕುನಾಲನಿಗೆ ಆ ದನಿಯಲ್ಲಿನ ನೋವು ಚುಚ್ಚಿತು. ಹೊತ್ತು ಮುಳುಗುತ್ತಿತ್ತು. ಮೊದಲು ಹೊಲಗಳು ಹೋದವು, ಆಮೇಲೆ ರಸ್ತೆಯ ಅಂಚು ಹೋಯಿತು. ಎದುರು ಬರುವ ಲಾರಿಗಳ ದೀಪ ಮಾತ್ರ ಉಳಿದು, ಅವು ಎಲ್ಲಿಂದ ಎಲ್ಲಿಗೆ ಹೋಗುತ್ತಿವೆ ಎಂದು ಹೇಳಲಾಗದಂತೆ ಕಣ್ಣಿನಲ್ಲಿ ಚೆದುರಿದವು. ಅವನು ಕಣ್ಣು ಮುಚ್ಚಿದ. ಏನೂ ಬಹಳ ಬದಲಾಗಲಿಲ್ಲ.

ಪಂಚಶೀಲಾ ಓಣಿಯ ಬಾಯಿಗೇ ಬಂದು ನಿಂತಿದ್ದಳು. ಜೀಶಾನ್ ಬೈಕು ನಿಲ್ಲಿಸಿ, "ಆರಾಮ ಅದಾರ್ರಿ ಭಾಬಿ," ಎಂದಷ್ಟೇ ಹೇಳಿ ಹೊರಟುಹೋದ. ಅವಳು ಗಂಡನ ತೋಳು ಹಿಡಿದಳು. ಓಣಿಯಲ್ಲಿ ಗಟಾರದ ಮೇಲಿನ ಹಾಸುಗಲ್ಲು ಒಂದು ಕಡೆ ಒಡೆದಿತ್ತು, ಅಲ್ಲಿ ಅವನು ದಿನವೂ ಕಾಲಿನಿಂದ ತಡವಿ ನಿಂತು ನಡೆಯುತ್ತಿದ್ದ. ಇವತ್ತು ಅವಳೇ, "ಕಲ್ಲದ, ನೋಡ್ರಿ," ಎಂದು ದಾಟಿಸಿದಳು. ಮೆಟ್ಟಿಲು ಬಂತು ಎಂದಳು. ಕತ್ತಲಲ್ಲಿ ಒಬ್ಬರ ಕೈಹಿಡಿದು ನಡೆಯದೆ ಎಷ್ಟು ದಿನವಾಗಿತ್ತು! ಕುಡಿದವನ ಕೈಯನ್ನು ಯಾರೂ ಯಾಕೆಂದು ಕೇಳದೆ ಹಿಡಿಯುತ್ತಾರೆ. ಅವನಿಗೆ ಓಣಿ ಇನ್ನಷ್ಟು ಉದ್ದವಿರಬೇಕಿತ್ತು ಅನ್ನಿಸಿತು, ಅನ್ನಿಸಿದ್ದಕ್ಕೆ ಮುಖ ಬಿಸಿಯಾಯಿತು.

ಒಳಗೆ ಹೋದ ಮೇಲೆ ಅವಳು ಅವನ ಅಂಗಿಯ ಹತ್ತಿರ ಬಂದು ಮೂಸಿದಳು. ಕೂತಳು. ಆಮೇಲೆ ಅಳತೊಡಗಿದಳು. ಅವನು ಕಾದಿದ್ದ ಅಳು ಅದಲ್ಲ. "ಇದೇ ಇತ್ತೇನ್ರಿ ಇಷ್ಟು ದಿನ?" ಎಂದಳು. "ಶರಣಬಸವೇಶ್ವರ ಗುಡಿ ಮುಂದ ಎದುರಿಗಿ ಬಂದು ಕೈ ಮಾಡೀನಿ, ನೋಡ್ದಂಗ ಹೋಗಿದ್ರಿ. ರಾತ್ರಿ ಮುಟ್ಟಿದ್ರ ಬೆಚ್ಚಿ ಬೀಳ್ತಿದ್ರಿ. ಯಾವಳರೆ ಇದ್ದಾಳಂತ... ನಾ ಏನೇನು ಅನ್ಕೊಂಡಿದ್ದೆ. ಅಂಗನವಾಡಿದಾಗ ಮಕ್ಕಳ ಮುಂದ ಕೂತು ಅತ್ತೀನಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಕುಡಿತ ಬಿಡಬೋದ್ರಿ. ಬಿಟ್ಟವ್ರು ಎಷ್ಟು ಮಂದಿ ಇದ್ದಾರ." ಅವಳ ಮುಖ ಅವನ ಕೊಳವೆಯೊಳಗೆ ಪೂರ್ತಿ ಇತ್ತು. ಒಂದು ವರ್ಷದಿಂದ ಬಿಗಿದುಕೊಂಡಿದ್ದ ಅದರ ಒಂದೊಂದೇ ಗೆರೆ ಸಡಿಲವಾಗುವುದನ್ನು ಅವನು ನೋಡಿದ. ಬಿಡಬಹುದಾದದ್ದು. ಅವಳಿಗೆ ಸಿಕ್ಕಿದ್ದು ಅದು. ತಾನು ಕುಡಿಯದ್ದನ್ನು ಬಿಡುತ್ತೇನೆ, ನಾಳೆಯೂ ಬೆಂಚಿಗೆ ಬಡಿದುಕೊಳ್ಳುತ್ತೇನೆ, ನಾಡಿದ್ದೂ ಓಣಿಯಲ್ಲಿ ತಡವುತ್ತೇನೆ, ಆಗ ಇವಳು ಮತ್ತೆ ಕುಡಿದಿರಾ ಎಂದು ಕೇಳುತ್ತಾಳೆ. ಆಗಲಾದರೂ ಹೇಳಬೇಕಾಗುತ್ತದೆ. ಅಥವಾ ಹೌದು ಎನ್ನಬೇಕಾಗುತ್ತದೆ. ಪಕ್ಕದ ಕೋಣೆಯಲ್ಲಿ ಆಮ್ರಪಾಲಿ ಗಟ್ಟಿಯಾಗಿ ಪಾಠ ಓದುತ್ತಿದ್ದಳು, ಒಂದು ಸಾಲನ್ನು ಬಿಟ್ಟು ಮತ್ತೆ ಹಿಂದಕ್ಕೆ ಬಂದಳು. ಕಣ್ಣು ಜಾರಿತೋ, ಸುಮ್ಮನೆ ಮನಸ್ಸು ಜಾರಿತೋ.

ಅವ್ವ ರಮಾಬಾಯಿ ಮೂಲೆಯಿಂದ ಎದ್ದು ಬಂದಳು. ಬುದ್ಧನ ಮೂರ್ತಿಯ ಮುಂದೆ ಮೇಣದ ಬತ್ತಿ ಹಚ್ಚಿ, ಚಾಪೆ ಹಾಸಿ, "ಮುಖ ತೊಳಕೊಂಡು ಬಾ," ಎಂದಳು. ಅವನು ಬಂದು ಕೂತ. ಪಕ್ಕಕ್ಕೆ ಪಂಚಶೀಲಾ ಕೂತಳು. ಅವ್ವ ಒಂದೊಂದೇ ಶೀಲವನ್ನು ಹೇಳಿಕೊಟ್ಟಳು, ಅವನು ಹಿಂದಿನಿಂದ ಹೇಳಿದ. ಚಿಕ್ಕಂದಿನಿಂದ ಬಾಯಿಗೆ ಬಂದದ್ದು. ಜೀವ ಕೊಲ್ಲುವುದಿಲ್ಲ. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ. ಕೆಟ್ಟ ನಡತೆ ನಡೆಯುವುದಿಲ್ಲ. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಅಲ್ಲಿ ಅವನ ದನಿ ಸಿಕ್ಕಿಕೊಂಡಿತು. ಅವ್ವ ಕಾದಳು. ಅವನು ಮತ್ತೆ ಮೊದಲಿನಿಂದ ಹಿಡಿದು, ಅರ್ಧಕ್ಕೆ ನುಂಗಿ, ಹೇಗೋ ಮುಗಿಸಿದ. ಐದನೆಯದನ್ನು, ಹೆಂಡ ಮುಟ್ಟುವುದಿಲ್ಲ ಎಂಬುದನ್ನು, ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆಗೆ ತಲೆಯೆತ್ತಿ 'ಮೂಸಿ ನೋಡ್ರಿ' ಎಂಬಂತೆ ನಿಚ್ಚಳವಾಗಿ ಹೇಳಿದ. ಪಂಚಶೀಲಾ ಕೈಮುಗಿದಳು. ಆಮೇಲೆ ಫೋನು ತಗೊಂಡು ಕಟ್ಟೆಗೆ ಹೋದಳು. ತಂಗಿಗೆ ಮಾಡಿರಬೇಕು.

ಅವ್ವ ಬತ್ತಿ ಆರಿಸಲಿಲ್ಲ. ಒಳಗೆ ಹೋಗಿ ಬಂದಳು. ಬಾಗಿಲ ಬಳಿ, ಬತ್ತಿಯ ಬೆಳಕು ಮುಟ್ಟದ ಕಡೆ ನಿಂತು ಕೇಳಿದಳು: "ನಾಲ್ಕನೇದಕ್ಕ ಯಾಕ ತಡವರಿಸ್ದಿ?"

"ಗಂಟಲ ಒಣಗಿತ್ತವ್ವ."

"ತಗೋ, ನೀರು."

ಅವನು ದನಿ ಬಂದ ಕಡೆಗೆ ಕೈ ಚಾಚಿದ. ಗಾಳಿ ಸಿಕ್ಕಿತು. ಸ್ವಲ್ಪ ಮೇಲೆ ಒಯ್ದ, ಆಮೇಲೆ ಬಲಕ್ಕೆ. ಬೆರಳುಗಳು ಅವ್ವನ ಸೀರೆಯ ನೆರಿಗೆ ತಾಗಿ ಹಿಂದಕ್ಕೆ ಬಂದವು. ಅವ್ವ ಲೋಟವನ್ನು ಮುಂದಕ್ಕೆ ತರಲಿಲ್ಲ, ಕೈಗೂ ಇಡಲಿಲ್ಲ. ಅವನ ಕೈ ಕತ್ತಲಲ್ಲಿ ಅತ್ತಿತ್ತ ಹುಡುಕುವುದನ್ನು ನೋಡುತ್ತ ನಿಂತಳು. ಅವಳು ನೋಡುತ್ತಿದ್ದಾಳೆಂಬುದು ಅವಳ ಉಸಿರಿನಿಂದಲೇ ತಿಳಿಯಿತು. ಅವನು ಕೈ ಕೆಳಗಿಳಿಸಿದ.

"ಎಂದಿನಿಂದ?" ಎಂದಳು ಅವ್ವ.

ಹೊರಗೆ ಕಟ್ಟೆಯ ಮೇಲೆ ಪಂಚಶೀಲಾಳ ದನಿ ಕೇಳುತ್ತಿತ್ತು. "ಇಲ್ಲಬೇ, ಖರೇನೇ. ಅತ್ತಿ ಮುಂದ ಕೂತು ಶೀಲ ತಗೊಂಡಾರ. ಇನ್ನ ಎಲ್ಲಾ ಸರಿ ಆಗ್ತದ ನೋಡು." ಆ ಕಡೆಯವಳು ಏನೋ ಅಂದಿರಬೇಕು, ಅವಳು ನಕ್ಕಳು. ಮದುವೆಯಾದ ಹೊಸದರಲ್ಲಿ ನಗುತ್ತಿದ್ದಂತೆ, ಬಾಯಿಗೆ ಸೆರಗು ಅಡ್ಡ ಹಿಡಿಯಲು ಮರೆತು ನಕ್ಕಳು. ತಾಯಿ ಮಗ ಇಬ್ಬರೂ ಅದನ್ನೇ ಕೇಳುತ್ತ ಇದ್ದರು. ಅವ್ವ ಹತ್ತಿರ ಬಂದು ಅವನ ಪಕ್ಕ ಚಾಪೆಯ ಮೇಲೆ ಕೂತಳು. ಅವನ ಮಣಿಕಟ್ಟು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲೋಟದ ಸುತ್ತ ಇಟ್ಟಳು.

"ಇವತ್ತೊಂದಿನ ನಗಲಿ ಬಿಡು," ಎಂದಳು.